ಸುಟ್ಟ ಮೋಟಾರ್‌ಗೆ ರೀವೈಂಡಿಂಗೋ, ಹೊಸ ಮೋಟಾರೋ? ಮೋಟಾರ್-ಜನರೇಟರ್ ದಕ್ಷತೆ ಹೆಚ್ಚಿಸುವ ಲೆಕ್ಕಾಚಾರ ಇಲ್ಲಿದೆ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್... ಊರು ಯಾವುದೇ ಇರಲಿ, ಹೌಸಿಂಗ್ ಸೊಸೈಟಿಯ ವಾಟ್ಸ್‌ಆಪ್ ಗುಂಪಿನಲ್ಲಿ ಆಗಾಗ ಕಾಣಿಸಿಕೊಳ್ಳುವ ಸಂದೇಶ ಇದು: 'ಪಂಪಿನ ಮೋಟಾರ್ ಸುಟ್ಟಿದೆ, ಇವತ್ತು ಸಂಜೆ ನೀರು ಬರುವುದಿಲ್ಲ'. ಮರುದಿನ ಕಮಿಟಿಯ ಮುಂದೆ ಒಂದೇ ಪ್ರಶ್ನೆ. ರೀವೈಂಡಿಂಗ್ ಮಾಡಿಸುವುದೋ, ಹೊಸದು ತರುವುದೋ? ಸಾಮಾನ್ಯವಾಗಿ ಗೆಲ್ಲುವುದು ರೀವೈಂಡಿಂಗ್. ಏಕೆಂದರೆ ಅದು ಅಗ್ಗ.

ನಿಜಕ್ಕೂ ಅಗ್ಗವೇ? ಮೋಟಾರ್ ಕೊಳ್ಳುವ ಖರ್ಚು ಒಂದು ಸಲದ್ದು, ಅದಕ್ಕೆ ಕಟ್ಟುವ ಕರೆಂಟ್ ಬಿಲ್ ಪ್ರತಿ ತಿಂಗಳದ್ದು. ಜಗತ್ತಿನಲ್ಲಿ ಬಳಕೆಯಾಗುವ ಒಟ್ಟು ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಶೇ.45ರಷ್ಟನ್ನು ನುಂಗುವುದು ಮೋಟಾರ್‌ಗಳೇ. ಪಂಪು, ಫ್ಯಾನ್, ಲಿಫ್ಟ್, ಫ್ರಿಜ್, ಎಸಿ, ಗಿರಣಿ, ಮೆಟ್ರೊ ರೈಲು ಎಲ್ಲದರ ಹೊಟ್ಟೆಯಲ್ಲೂ ಒಂದು ಮೋಟಾರ್ ಇದೆ. ಅದರ ದಕ್ಷತೆ ಹೆಚ್ಚಿಸುವುದು ಹೇಗೆ, ಜನರೇಟರ್‌ಗಳಲ್ಲಿ ಇದೇ ಕೆಲಸ ಹೇಗೆ ನಡೆಯುತ್ತದೆ, ನಾವು ಮಾಡಬಹುದಾದದ್ದೇನು? ಬನ್ನಿ, ಒಂದೊಂದಾಗಿ ನೋಡೋಣ.

ಯಂತ್ರ ಒಂದೇ, ಕೆಲಸ ಎರಡು

1821ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವುದನ್ನು ತೋರಿಸಿದರು. ಅದೇ ಮೋಟಾರ್‌ನ ಮೂಲ. ಹತ್ತು ವರ್ಷಗಳ ನಂತರ, 1831ರಲ್ಲಿ, ಅಯಸ್ಕಾಂತ ಮತ್ತು ತಂತಿಯ ಸುರುಳಿಯಲ್ಲಿ ಒಂದನ್ನು ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನೂ ಅವರೇ ಕಂಡುಹಿಡಿದರು. ಅದು ಜನರೇಟರ್‌ನ ಮೂಲ. ಅಂದರೆ ವಿದ್ಯುತ್ ಕೊಟ್ಟು ತಿರುಗಿಸಿದರೆ ಮೋಟಾರ್, ತಿರುಗಿಸಿ ವಿದ್ಯುತ್ ಪಡೆದರೆ ಜನರೇಟರ್.

ಇದು ಪಠ್ಯಪುಸ್ತಕದ ಮಾತಷ್ಟೇ ಅಲ್ಲ. ದೆಹಲಿ ಮೆಟ್ರೊ ರೈಲು ನಿಲ್ದಾಣಕ್ಕೆ ಬಂದು ಬ್ರೇಕ್ ಹಾಕಿದಾಗ ಅದರ ಮೋಟಾರ್‌ಗಳೇ ಜನರೇಟರ್‌ಗಳಾಗಿ ಬದಲಾಗಿ, ಹುಟ್ಟಿದ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುತ್ತವೆ. ಆ ವಿದ್ಯುತ್ತನ್ನು ಹತ್ತಿರದಲ್ಲೇ ಹೊರಡುತ್ತಿರುವ ಇನ್ನೊಂದು ರೈಲು ಬಳಸಿಕೊಳ್ಳುತ್ತದೆ. ಈ ಯೋಜನೆ 2007ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯಡಿ ನೋಂದಣಿಯಾಗಿತ್ತು. ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳಲ್ಲೂ ಇದೇ ತಂತ್ರ.

ಇಂದು ಪಂಪು, ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಇಂಡಕ್ಷನ್ ಮೋಟಾರ್. 1880ರ ದಶಕದಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೋಲಾ ಟೆಸ್ಲಾ ಬೇರೆ ಬೇರೆಯಾಗಿ ಇದರ ತತ್ವವನ್ನು ರೂಪಿಸಿದರು. ಹೊರಗಡೆ ಅಲುಗಾಡದ ಸ್ಟೇಟರ್, ಒಳಗಡೆ ತಿರುಗುವ ರೋಟರ್. ಸ್ಟೇಟರ್ ಸುರುಳಿಗಳಿಗೆ ಮೂರು ಫೇಸ್ ವಿದ್ಯುತ್ ಕೊಟ್ಟರೆ ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ, ರೋಟರ್ ಅದರ ಬೆನ್ನು ಹತ್ತಿ ಓಡುತ್ತದೆ. ಬ್ರಶ್ ಇಲ್ಲ, ಅಯಸ್ಕಾಂತವೂ ಇಲ್ಲ. ಅದಕ್ಕೇ ಇದು ಗಟ್ಟಿಮುಟ್ಟು.

ವಿದ್ಯುತ್ ಸೋರುವುದು ಎಲ್ಲಿ?

ಮೋಟಾರ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಫ್ಟ್‌ನಲ್ಲಿ ಕೆಲಸವಾಗಿ ಹೊರಬರುತ್ತದೆ ಎಂಬುದೇ ದಕ್ಷತೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ನಷ್ಟದ ದಾರಿಗಳು ಐದು.

1. ಸ್ಟೇಟರ್ ತಾಮ್ರದ ನಷ್ಟ: ಸುರುಳಿಯ ತಂತಿಯ ಪ್ರತಿರೋಧದಿಂದ ಹುಟ್ಟುವ ಶಾಖ. ಸಾಮಾನ್ಯವಾಗಿ ಇದೇ ದೊಡ್ಡ ಪಾಲು. ಕರೆಂಟ್ ಎರಡು ಪಟ್ಟಾದರೆ ಈ ನಷ್ಟ ನಾಲ್ಕು ಪಟ್ಟಾಗುತ್ತದೆ.

2. ರೋಟರ್ ನಷ್ಟ: ರೋಟರ್‌ನ ಅಲ್ಯೂಮಿನಿಯಂ ಅಥವಾ ತಾಮ್ರದ ಸರಳುಗಳಲ್ಲಿ ಹುಟ್ಟುವ ಶಾಖ.

3. ಕಬ್ಬಿಣದ ನಷ್ಟ: ಕಾಂತಕ್ಷೇತ್ರ ಸೆಕೆಂಡಿಗೆ 50 ಬಾರಿ ಅದಲುಬದಲಾಗುವಾಗ ಉಕ್ಕಿನ ತಿರುಳು ಬಿಸಿಯಾಗುತ್ತದೆ. ಲೋಡ್ ಇರಲಿ, ಇಲ್ಲದಿರಲಿ, ಸ್ವಿಚ್ ಹಾಕಿದ ಕ್ಷಣದಿಂದ ಇದು ಇದ್ದೇ ಇರುತ್ತದೆ.

4. ಘರ್ಷಣೆ ಮತ್ತು ಗಾಳಿಯ ನಷ್ಟ: ಬೇರಿಂಗ್‌ಗಳು ಮತ್ತು ಹಿಂಬದಿಯ ತಂಪು ಫ್ಯಾನ್ ತಿನ್ನುವ ಶಕ್ತಿ.

5. ಚಿಲ್ಲರೆ ನಷ್ಟ: ದಾರಿ ತಪ್ಪಿದ ಕಾಂತರೇಖೆಗಳಿಂದ ಅಲ್ಲಲ್ಲಿ ಆಗುವ ಸಣ್ಣಪುಟ್ಟ ಸೋರಿಕೆಗಳ ಮೊತ್ತ.

ದಕ್ಷತೆ ಹೆಚ್ಚಿಸುವುದೆಂದರೆ ಈ ಐದು ತೂತುಗಳನ್ನು ಸಾಧ್ಯವಾದಷ್ಟು ಮುಚ್ಚುವುದು. ಅದರಲ್ಲಿ ಮ್ಯಾಜಿಕ್ ಏನೂ ಇಲ್ಲ.

ಕಂಪನಿಗಳು ಮಾಡುವುದೇನು?

ಮೊದಲನೆಯದು, ಹೆಚ್ಚು ತಾಮ್ರ. ಸ್ಟೇಟರ್‌ನ ಗಾಡಿಗಳಲ್ಲಿ ದಪ್ಪ ತಂತಿಯನ್ನು ಒತ್ತೊತ್ತಾಗಿ ತುಂಬಿದಷ್ಟೂ ಪ್ರತಿರೋಧ ಇಳಿಯುತ್ತದೆ. ಎರಡನೆಯದು, ಒಳ್ಳೆಯ ಉಕ್ಕು. ಮೋಟಾರ್‌ನ ತಿರುಳು ಗಟ್ಟಿ ಕಬ್ಬಿಣದ ದಿಮ್ಮಿಯಲ್ಲ, ತೆಳು ತಗಡುಗಳ ಕಟ್ಟು. ತಗಡು ದಪ್ಪವಾದಷ್ಟೂ ಅದರೊಳಗೆ ಸುಳಿ ವಿದ್ಯುತ್ ಹೆಚ್ಚು. ತಗಡಿನ ದಪ್ಪ ಅರ್ಧಕ್ಕಿಳಿದರೆ ಸುಳಿ ವಿದ್ಯುತ್ತಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅರ್ಧ ಮಿಲಿಮೀಟರ್ ದಪ್ಪದ ಅಥವಾ ಅದಕ್ಕೂ ತೆಳುವಾದ, ಸಿಲಿಕಾನ್ ಬೆರೆಸಿದ ಉಕ್ಕಿನ ತಗಡು ಬಳಸುತ್ತಾರೆ.

ಮೂರನೆಯದು, ರೋಟರ್‌ಗೂ ತಾಮ್ರ. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಶೇ.60ರಷ್ಟು ಮಾತ್ರ. ಹಾಗಿದ್ದೂ ಹೆಚ್ಚಿನ ರೋಟರ್‌ಗಳು ಅಲ್ಯೂಮಿನಿಯಂನವು. ಕಾರಣ, ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ತಾಮ್ರಕ್ಕೆ 1,085 ಡಿಗ್ರಿ ಬೇಕು. ಅಷ್ಟು ಬಿಸಿಯ ತಾಮ್ರವನ್ನು ಸುರಿದರೆ ಅಚ್ಚುಗಳು ಬೇಗ ಹಾಳಾಗುತ್ತವೆ, ಖರ್ಚು ಏರುತ್ತದೆ. ಇವುಗಳ ಜೊತೆಗೆ ನಯವಾದ ಬೇರಿಂಗ್, ಚಿಕ್ಕ ಫ್ಯಾನ್. ನಷ್ಟವೇ ಕಡಿಮೆಯಾದರೆ ತಂಪು ಮಾಡುವ ಫ್ಯಾನ್ ಕೂಡ ಚಿಕ್ಕದಾದರೆ ಸಾಕಲ್ಲ!

ನೇಮ್‌ಪ್ಲೇಟ್‌ನಲ್ಲಿ 'ಐಇ' ನೋಡಿದ್ದೀರಾ?

ಫ್ರಿಜ್‌ಗೆ ಸ್ಟಾರ್ ಇರುವಂತೆ ಮೋಟಾರ್‌ಗೆ ಐಇ ದರ್ಜೆ ಇದೆ. ಐಇ-1 ಸಾಮಾನ್ಯ, ಐಇ-2 ಉತ್ತಮ, ಐಇ-3 ಪ್ರೀಮಿಯಂ, ಐಇ-4 ಸೂಪರ್ ಪ್ರೀಮಿಯಂ. 7.5 ಕಿಲೋವ್ಯಾಟ್, ಅಂದರೆ 10 ಎಚ್‌ಪಿಯ ನಾಲ್ಕು ಪೋಲ್ ಮೋಟಾರ್‌ಗೆ 50 ಹರ್ಟ್ಸ್‌ನಲ್ಲಿ ಇರಬೇಕಾದ ಕನಿಷ್ಠ ದಕ್ಷತೆ ಹೀಗಿದೆ:

ಐಇ-1: ಶೇ.86.0
ಐಇ-2: ಶೇ.88.7
ಐಇ-3: ಶೇ.90.4
ಐಇ-4: ಶೇ.92.6

ಭಾರತದಲ್ಲಿ ಮೂರು ಫೇಸ್ ಮೋಟಾರ್‌ಗಳ ಮಾನದಂಡ ಐಎಸ್ 12615. ಅದರ ಪ್ರಕಾರ ಕನಿಷ್ಠ ದರ್ಜೆ ಐಇ-2. ಯುರೋಪ್ ಒಕ್ಕೂಟ 2021ರ ಜುಲೈನಿಂದ ಹೆಚ್ಚಿನ ಮೂರು ಫೇಸ್ ಮೋಟಾರ್‌ಗಳಿಗೆ ಐಇ-3 ಕಡ್ಡಾಯಗೊಳಿಸಿತು. 2023ರ ಜುಲೈನಿಂದ 75ರಿಂದ 200 ಕಿಲೋವ್ಯಾಟ್‌ನ ಹಲವು ಮೋಟಾರ್‌ಗಳಿಗೆ ಐಇ-4 ಕೇಳುತ್ತಿದೆ.

ಈಗ ಹಣದ ಲೆಕ್ಕ

86ಕ್ಕೂ 90ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. 10 ಎಚ್‌ಪಿ ಮೋಟಾರ್ ದಿನಕ್ಕೆ 6 ಗಂಟೆ ಪೂರ್ಣ ಲೋಡ್‌ನಲ್ಲಿ ಓಡಿದರೆ ವರ್ಷಕ್ಕೆ 2,190 ಗಂಟೆ. ಯೂನಿಟ್‌ಗೆ 10 ರೂಪಾಯಿ ಎಂದಿಟ್ಟುಕೊಳ್ಳೋಣ.

ಐಇ-3 ಮೋಟಾರ್ ಎಳೆಯುವುದು 8.30 ಕಿಲೋವ್ಯಾಟ್. ವರ್ಷಕ್ಕೆ ಸುಮಾರು 18,200 ಯೂನಿಟ್, ಬಿಲ್ 1.82 ಲಕ್ಷ ರೂಪಾಯಿ. ಐಇ-1 ಮೋಟಾರ್ ಎಳೆಯುವುದು 8.72 ಕಿಲೋವ್ಯಾಟ್. ವರ್ಷಕ್ಕೆ ಸುಮಾರು 930 ಯೂನಿಟ್ ಹೆಚ್ಚು, ಅಂದರೆ 9,300 ರೂಪಾಯಿ. ಅದೇ ಹಳೆಯ ಮೋಟಾರ್ ಎರಡು ಮೂರು ಬಾರಿ ಕೆಟ್ಟ ರೀವೈಂಡಿಂಗ್ ಕಂಡು ಶೇ.83ಕ್ಕೆ ಇಳಿದಿದ್ದರೆ? ಆಗ ವರ್ಷಕ್ಕೆ 1,620 ಯೂನಿಟ್, 16,200 ರೂಪಾಯಿ ಹೆಚ್ಚುವರಿ. ಮೋಟಾರ್ ಹತ್ತು ವರ್ಷ ಓಡುತ್ತದೆ ಎಂದರೆ ಈ ವ್ಯತ್ಯಾಸವೇ 1.62 ಲಕ್ಷ ರೂಪಾಯಿ!

ಆದರೆ ಒಂದು ಎಚ್ಚರಿಕೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಓಡುವ ಪಂಪಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ಉಳಿತಾಯ ವರ್ಷಕ್ಕೆ ಕೆಲವು ನೂರು ರೂಪಾಯಿ ಮಾತ್ರ. ಹೆಚ್ಚು ಗಂಟೆ ಓಡುವ ಮೋಟಾರ್‌ಗೇ ಮೊದಲ ಗಮನ ಕೊಡಬೇಕು.

ರೀವೈಂಡಿಂಗ್ ಎಂದರೆ ಕೆಟ್ಟದ್ದೇ?

ಹಾಗೇನೂ ಇಲ್ಲ. ಸರಿಯಾಗಿ ಮಾಡಿದರೆ ದಕ್ಷತೆ ಹೆಚ್ಚೂಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ತೊಂದರೆ ಇರುವುದು ಮಾಡುವ ವಿಧಾನದಲ್ಲಿ. ಸುಟ್ಟ ಸುರುಳಿಯನ್ನು ತೆಗೆಯಲು ಕೆಲವೆಡೆ ಸ್ಟೇಟರ್‌ಗೆ ನೇರವಾಗಿ ಬೆಂಕಿ ಹಚ್ಚುತ್ತಾರೆ ಅಥವಾ ಗ್ಯಾಸ್ ಟಾರ್ಚ್ ಹಿಡಿಯುತ್ತಾರೆ. ತಿರುಳಿನ ತಗಡುಗಳ ನಡುವೆ ಒಂದಕ್ಕೊಂದು ತಾಗದಂತೆ ತೆಳುವಾದ ನಿರೋಧಕ ಲೇಪನವಿದೆ. ಅತಿಯಾದ ಶಾಖಕ್ಕೆ ಅದು ಸುಟ್ಟುಹೋದರೆ ತಗಡುಗಳು ಒಂದಾಗಿ ಸುಳಿ ವಿದ್ಯುತ್ ಹೆಚ್ಚುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ತಂತಿ ಸುತ್ತಿದರೂ ಆ ನಷ್ಟ ವಾಪಸು ಬರುವುದಿಲ್ಲ.

ಹಾಗಾಗಿ ಉಷ್ಣಾಂಶ ನಿಯಂತ್ರಣ ಇರುವ ಓವನ್‌ನಲ್ಲಿ, ತಿರುಳು ಸುಮಾರು 370 ಡಿಗ್ರಿ ಸೆಲ್ಸಿಯಸ್ ಮೀರದಂತೆ ಸುರುಳಿ ತೆಗೆಯಬೇಕು. ಹಳೆಯ ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಜೋಡಣೆಯ ಕ್ರಮ ಎಲ್ಲವನ್ನೂ ಬರೆದಿಟ್ಟುಕೊಂಡು ಅದನ್ನೇ ಅನುಸರಿಸಬೇಕು. 'ಸ್ವಲ್ಪ ಸಣ್ಣ ತಂತಿ ಹಾಕಿದ್ದೇನೆ, ಏನೂ ಆಗುವುದಿಲ್ಲ' ಎಂದರೆ ನಂಬಬೇಡಿ. ತಾಮ್ರ ಕಡಿಮೆಯಾದಷ್ಟೂ ಶಾಖ ಹೆಚ್ಚು.

ಮೋಟಾರ್ ಸುಡುವುದೇಕೆ?

ಇಲ್ಲೇ ಎಲ್ಲರೂ ಎಡವುವುದು. ಕಾರಣ ಹುಡುಕದೆ ಮೋಟಾರ್ ಬದಲಿಸಿದರೆ ಹೊಸದೂ ಸುಡುತ್ತದೆ. ಮುಖ್ಯ ಅಪರಾಧಿಗಳಲ್ಲಿ ಒಂದು ಫೇಸ್‌ಗಳ ಅಸಮತೋಲ. ಮೂರು ಫೇಸ್‌ಗಳ ನಡುವೆ ಅಳೆದಾಗ 410, 404 ಮತ್ತು 386 ವೋಲ್ಟ್ ಬಂದಿತು ಎನ್ನಿ. ಸರಾಸರಿ 400. ಅದರಿಂದ ಅತಿ ಹೆಚ್ಚು ದೂರ ಇರುವುದು 386, ಅಂದರೆ 14 ವೋಲ್ಟ್. ಅಸಮತೋಲ ಶೇ.3.5. ಈ ಶೇಕಡಾವಾರನ್ನು ವರ್ಗ ಮಾಡಿ ಎರಡರಿಂದ ಗುಣಿಸಿದರೆ ಉಷ್ಣ ಏರಿಕೆ ಎಷ್ಟು ಹೆಚ್ಚುತ್ತದೆ ಎಂಬ ಅಂದಾಜು ಸಿಗುತ್ತದೆ. ಇಲ್ಲಿ ಸುಮಾರು ಶೇ.25!

ಮೊದಲು 80 ಡಿಗ್ರಿ ಬಿಸಿಯೇರುತ್ತಿದ್ದ ಸುರುಳಿ ಈಗ 100 ಡಿಗ್ರಿ ಏರುತ್ತದೆ. ನಿರೋಧಕ ಪದರದ ಉಷ್ಣ ಮಿತಿ ಮೀರಿ ಪ್ರತಿ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರ್‌ಗಳ ಹಳೆಯ ಸೂತ್ರ. 20 ಡಿಗ್ರಿ ಹೆಚ್ಚಾದರೆ ಕಾಲು ಭಾಗ. ಒಂದೇ ಫೇಸ್‌ಗೆ ಎಲ್ಲಾ ಮನೆಗಳ ಎಸಿ ಸೇರಿಸಿದ್ದರೆ, ಪ್ಯಾನೆಲ್‌ನಲ್ಲಿ ಒಂದು ಸ್ಕ್ರೂ ಸಡಿಲವಾಗಿದ್ದರೆ ಇಷ್ಟೆಲ್ಲ ಅನಾಹುತ.

ಇನ್ನೊಂದು ತಪ್ಪು, ಬೇಕಾದ್ದಕ್ಕಿಂತ ದೊಡ್ಡ ಮೋಟಾರ್. 'ಇರಲಿ ಬಿಡಿ' ಎಂದು 5 ಎಚ್‌ಪಿ ಸಾಕಾಗುವಲ್ಲಿ 15 ಎಚ್‌ಪಿ ಹಾಕುತ್ತಾರೆ. ಸಾಮಾನ್ಯವಾಗಿ ಮೋಟಾರ್ ದಕ್ಷತೆ ಗರಿಷ್ಠವಾಗಿರುವುದು ಶೇ.75ರಿಂದ 100ರ ಲೋಡ್‌ನಲ್ಲಿ. ಲೋಡ್ ಶೇ.40ಕ್ಕಿಂತ ಕೆಳಗಿಳಿದರೆ ದಕ್ಷತೆ ಮತ್ತು ಪವರ್ ಫ್ಯಾಕ್ಟರ್ ಎರಡೂ ಬೀಳುತ್ತವೆ.

ವೇಗ ಇಳಿಸಿ, ಬಿಲ್ ಇಳಿಸಿ

ಫ್ಯಾನ್, ಬ್ಲೋವರ್, ಎಸಿ ಪ್ಲಾಂಟ್‌ನ ನೀರು ಸುತ್ತಿಸುವ ಪಂಪುಗಳಲ್ಲಿ ಒಂದು ಸೋಜಿಗವಿದೆ. ಅವು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗವನ್ನು ಶೇ.20 ಇಳಿಸಿದರೆ ಶಕ್ತಿ 0.8 × 0.8 × 0.8, ಅಂದರೆ ಶೇ.51ಕ್ಕೆ ಇಳಿಯುತ್ತದೆ. ವೇಗ ಕಾಲು ಭಾಗವೂ ಇಳಿದಿಲ್ಲ, ವಿದ್ಯುತ್ ಅರ್ಧವಾಯಿತು! ಮೋಟಾರ್‌ಗೆ ಹೋಗುವ ವಿದ್ಯುತ್ತಿನ ಆವರ್ತನವನ್ನೇ ಬದಲಿಸಿ ಈ ಕೆಲಸ ಮಾಡುವ ಸಾಧನ ವಿಎಫ್‌ಡಿ. ವಾಲ್ವ್ ಅರ್ಧ ಮುಚ್ಚಿ ಹರಿವು ತಗ್ಗಿಸುವುದೆಂದರೆ ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಾಕಿದಂತೆ. ವಿಎಫ್‌ಡಿ ಆಕ್ಸಿಲರೇಟರನ್ನೇ ಬಿಡುತ್ತದೆ.

ಆದರೆ ಸಂಪಿನಿಂದ ಹತ್ತನೇ ಮಹಡಿಯ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಈ ಘನ ಸೂತ್ರ ಹಾಗೇ ಅನ್ವಯಿಸದು. ಅಲ್ಲಿ ಎತ್ತರ ಬದಲಾಗುವುದಿಲ್ಲ. ವೇಗ ತೀರಾ ಇಳಿಸಿದರೆ ನೀರು ಮೇಲೇ ಏರುವುದಿಲ್ಲ. 'ಶೇ.50 ಉಳಿತಾಯ ಗ್ಯಾರಂಟಿ' ಎಂದು ಬರುವ ಮಾರಾಟಗಾರರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ.

ಇನ್ನೊಂದು ಸೂಕ್ಷ್ಮ. ದಕ್ಷ ಮೋಟಾರ್ ಸಾಮಾನ್ಯವಾಗಿ ತುಸು ವೇಗವಾಗಿ ತಿರುಗುತ್ತದೆ. ನಿಮಿಷಕ್ಕೆ 1,440 ಸುತ್ತು ತಿರುಗುತ್ತಿದ್ದ ಹಳೆಯದರ ಜಾಗದಲ್ಲಿ 1,465 ಸುತ್ತಿನ ಹೊಸದು ಬಂದರೆ ಬ್ಲೋವರ್ ಶೇ.5ರಷ್ಟು ಹೆಚ್ಚು ಶಕ್ತಿ ಕೇಳುತ್ತದೆ. ಗಳಿಸಿದ ದಕ್ಷತೆಯೆಲ್ಲ ಅಲ್ಲೇ ಕರಗಬಹುದು. ಹಾಗಾಗಿ ಪುಲ್ಲಿ ಅಥವಾ ವೇಗವನ್ನೂ ಹೊಂದಿಸಬೇಕು. ಪಂಪನ್ನೂ ಮರೆಯುವಂತಿಲ್ಲ. ಶೇ.90 ದಕ್ಷತೆಯ ಮೋಟಾರ್‌ಗೆ ಸವೆದ ಇಂಪೆಲ್ಲರ್‌ನ ಶೇ.50 ದಕ್ಷತೆಯ ಪಂಪು ಜೋಡಿಸಿದರೆ ಒಟ್ಟು ದಕ್ಷತೆ ಶೇ.45 ಮಾತ್ರ.

ಅಯಸ್ಕಾಂತದ ಮೋಟಾರ್‌ಗಳ ಕಾಲ

ಮನೆಯ ಸೀಲಿಂಗ್ ಫ್ಯಾನ್ ಉದಾಹರಣೆ ನೋಡಿ. ಹಳೆಯ ಫ್ಯಾನ್ 70ರಿಂದ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್‌ಗೆ 28ರಿಂದ 35 ವ್ಯಾಟ್ ಸಾಕು. 40 ವ್ಯಾಟ್ ಉಳಿದರೂ ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 175 ಯೂನಿಟ್ ಉಳಿತಾಯ. ರೋಟರ್‌ನಲ್ಲಿ ಶಾಶ್ವತ ಅಯಸ್ಕಾಂತ ಇರುವುದರಿಂದ ರೋಟರ್ ನಷ್ಟ ಬಹುಪಾಲು ಇಲ್ಲವಾಗುತ್ತದೆ.

ಎಲೆಕ್ಟ್ರಿಕ್ ವಾಹನಗಳ ಮೋಟಾರ್ ಇಷ್ಟು ಚಿಕ್ಕದಾಗಿದ್ದೂ ಬಲಶಾಲಿ ಆಗಿರಲು ಕಾರಣ ನಿಯೋಡೈಮಿಯಂ ಅಯಸ್ಕಾಂತ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ತಂಡ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಇಂದು ಈ ಅಯಸ್ಕಾಂತಗಳ ತಯಾರಿಕೆಯಲ್ಲಿ ಚೀನಾದ್ದೇ ಪ್ರಾಬಲ್ಯ. 2025ರ ಏಪ್ರಿಲ್‌ನಲ್ಲಿ ಅದು ರಫ್ತಿಗೆ ಕಡಿವಾಣ ಹಾಕಿದಾಗ ಭಾರತದ ವಾಹನ ಕಂಪನಿಗಳಿಗೂ ಬಿಸಿ ತಟ್ಟಿತು. ಹಾಗಾಗಿ ಅಯಸ್ಕಾಂತವೇ ಬೇಡದ ಸಿಂಕ್ರೊನಸ್ ರಿಲಕ್ಟೆನ್ಸ್ ಮೋಟಾರ್‌ಗಳತ್ತ ಈಗ ಗಮನ ಹೆಚ್ಚಿದೆ.

ಜೋಗದ ಜನರೇಟರ್‌ಗಳ ಪಾಠ

ಜನರೇಟರ್‌ಗಳ ಮಾತು ಬಂದರೆ ಕನ್ನಡಿಗರಿಗೆ ನೆನಪಾಗುವುದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆದರೆ ದಕ್ಷತೆಯ ಪಾಠಕ್ಕೆ ಜೋಗ ಒಳ್ಳೆಯ ಉದಾಹರಣೆ. 1948ರಲ್ಲಿ ಉದ್ಘಾಟನೆಯಾದ ಅಲ್ಲಿನ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರದಲ್ಲಿ ತಲಾ 12 ಮೆಗಾವ್ಯಾಟ್‌ನ ನಾಲ್ಕು, ತಲಾ 18 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿದ್ದವು. ಒಟ್ಟು 120 ಮೆಗಾವ್ಯಾಟ್. ನವೀಕರಣದ ನಂತರ ಅವು 13.2 ಮತ್ತು 21.6 ಮೆಗಾವ್ಯಾಟ್‌ಗೆ ಏರಿದವು. ಒಟ್ಟು 139.2 ಮೆಗಾವ್ಯಾಟ್. ಹೊಸ ಅಣೆಕಟ್ಟೆ ಇಲ್ಲ, ಹೊಸದಾಗಿ ಕಾಡು ಮುಳುಗಲಿಲ್ಲ, 19.2 ಮೆಗಾವ್ಯಾಟ್ ಸಾಮರ್ಥ್ಯ ಹೆಚ್ಚಾಯಿತು. ಕಾಳಿ ನದಿಯ ನಾಗಝರಿಯಲ್ಲೂ 135 ಮೆಗಾವ್ಯಾಟ್‌ನ ಘಟಕಗಳನ್ನು 150ಕ್ಕೆ ಏರಿಸಲಾಗಿದೆ.

ಇಂಥ ಏರಿಕೆ ಸಾಧ್ಯವಾಗುವುದು ಹೇಗೆ? ಹಳೆಯ ಜನರೇಟರ್‌ಗಳ ಸುರುಳಿಗೆ ದಪ್ಪನೆಯ ನಿರೋಧಕ ಹೊದಿಕೆ ಇರುತ್ತಿತ್ತು. ಈಗಿನ ಎಪಾಕ್ಸಿ-ಅಭ್ರಕದ ಹೊದಿಕೆ ತೆಳು, ಜೊತೆಗೆ ಹೆಚ್ಚು ಶಾಖ ತಡೆಯುತ್ತದೆ. ಹಳೆಯ 'ಬಿ' ದರ್ಜೆಯ ಮಿತಿ 130 ಡಿಗ್ರಿ, 'ಎಫ್' ದರ್ಜೆಯದ್ದು 155 ಡಿಗ್ರಿ. ಅಂದರೆ ಅದೇ ಗಾಡಿಯಲ್ಲಿ ಹೆಚ್ಚು ತಾಮ್ರ ಹಿಡಿಸಬಹುದು, ಹೆಚ್ಚು ಕರೆಂಟ್ ಹರಿಸಬಹುದು. ಟರ್ಬೈನಿನ ಚಕ್ರವನ್ನೂ ಸುಧಾರಿಸಿದರೆ ಅದೇ ನೀರಿನಿಂದ ಹೆಚ್ಚು ವಿದ್ಯುತ್.

ದೊಡ್ಡ ಉಷ್ಣ ವಿದ್ಯುತ್ ಸ್ಥಾವರಗಳ ಜನರೇಟರ್ ಒಳಗೆ ಗಾಳಿಯ ಬದಲು ಹೈಡ್ರೋಜನ್ ತುಂಬುತ್ತಾರೆ. ಅದರ ಸಾಂದ್ರತೆ ಗಾಳಿಯ ಸುಮಾರು 14ನೇ ಒಂದು ಭಾಗ. ಹಾಗಾಗಿ ರೋಟರ್‌ಗೆ ಗಾಳಿಯ ತಡೆ ಕಡಿಮೆ. ಶಾಖ ಸಾಗಿಸುವ ಗುಣವೋ ಗಾಳಿಗಿಂತ ಸುಮಾರು ಏಳು ಪಟ್ಟು. ಇಂಥ ಜನರೇಟರ್‌ಗಳ ದಕ್ಷತೆ ಶೇ.98 ದಾಟುತ್ತದೆ.

ಸೊಸೈಟಿಯ ಡೀಸೆಲ್ ಜನರೇಟರ್

125 ಕೆವಿಎ ಎಂದರೆ 125 ಕಿಲೋವ್ಯಾಟ್ ಅಲ್ಲ. 0.8 ಪವರ್ ಫ್ಯಾಕ್ಟರ್‌ನಲ್ಲಿ ಅದು 100 ಕಿಲೋವ್ಯಾಟ್. ಜನರೇಟರನ್ನು ಶೇ.60ರಿಂದ 80ರ ಲೋಡ್‌ನಲ್ಲಿ ಓಡಿಸುವುದು ಒಳ್ಳೆಯದು. ದೀಪಗಳಿಗಾಗಿ ಮಾತ್ರ ದೊಡ್ಡ ಜನರೇಟರ್ ಓಡಿಸಿದರೆ ಯೂನಿಟ್‌ಗೆ ತಗಲುವ ಡೀಸೆಲ್ ಹೆಚ್ಚುತ್ತದೆ. ಲೋಡ್ ಬಹಳ ಹೊತ್ತು ಶೇ.30ಕ್ಕಿಂತ ಕಡಿಮೆ ಇದ್ದರೆ ಎಂಜಿನ್‌ನಲ್ಲಿ ಅರೆಬೆಂದ ಇಂಧನ ಮತ್ತು ಮಸಿ ಕಟ್ಟಿಕೊಳ್ಳುತ್ತದೆ.

ಲಿಫ್ಟ್, ಪಂಪು ಒಟ್ಟಿಗೇ ಚಾಲೂ ಆಗದಂತೆಯೂ ನೋಡಿಕೊಳ್ಳಿ. ನೇರವಾಗಿ ಸ್ವಿಚ್ ಹಾಕಿದಾಗ ಮೋಟಾರ್ ಮಾಮೂಲಿಗಿಂತ 6-7 ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ.

'ಉಚಿತ ವಿದ್ಯುತ್' ವಿಡಿಯೊ ನಂಬಬೇಡಿ

ಮೋಟಾರ್‌ನಿಂದ ಜನರೇಟರ್ ತಿರುಗಿಸಿ, ಆ ಜನರೇಟರ್‌ನಿಂದಲೇ ಮೋಟಾರ್ ಓಡಿಸಿ, ಮೇಲಾಗಿ ಮನೆಗೂ ದೀಪ ಹಚ್ಚುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಶೇ.90 ದಕ್ಷತೆಯ ಮೋಟಾರ್, ಶೇ.90 ದಕ್ಷತೆಯ ಜನರೇಟರ್ ಎಂದೇ ಇಟ್ಟುಕೊಳ್ಳಿ. 100 ಯೂನಿಟ್ ಕೊಟ್ಟರೆ ವಾಪಸು ಬರುವುದು 81. ಮುಂದಿನ ಸುತ್ತಿಗೆ 66. ಕೆಲವೇ ಕ್ಷಣಗಳಲ್ಲಿ ಎಲ್ಲವೂ ನಿಂತುಹೋಗುತ್ತದೆ. ಭಾರವಾದ ಚಕ್ರ ಹಾಕಿದರೆ ನಿಲ್ಲುವುದು ತಡವಾಗಬಹುದು ಅಷ್ಟೇ. ದಕ್ಷತೆ ಶೇ.100 ಮೀರುವ ಯಂತ್ರ ಇಲ್ಲ.

ಪ್ಲಗ್‌ಗೆ ಸಿಕ್ಕಿಸುವ 'ಪವರ್ ಸೇವರ್' ಡಬ್ಬಿಯೂ ಇದೇ ಸಾಲಿಗೆ ಸೇರಿದ್ದು. ಒಳಗಿರುವುದು ಬಹುತೇಕ ಒಂದು ಕೆಪಾಸಿಟರ್. ಕಾರ್ಖಾನೆಗಳಲ್ಲಿ ಪವರ್ ಫ್ಯಾಕ್ಟರ್ ಸುಧಾರಿಸಲು ಕೆಪಾಸಿಟರ್ ಬೇಕೇ ಬೇಕು. ಆದರೆ ಮನೆಯ ಬಿಲ್ ಲೆಕ್ಕ ಹಾಕುವುದು ಯೂನಿಟ್‌ಗಳಲ್ಲಿ. ಅಲ್ಲಿ ಈ ಡಬ್ಬಿಯಿಂದ ಬಿಲ್ ಇಳಿಯದು.

ಕಮಿಟಿ ಸಭೆಗೆ ಮುನ್ನ ಇಷ್ಟು ಮಾಡಿ

* ಮೋಟಾರ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಒಂದು ವಾರ ಬರೆದಿಡಿ.
* ನೇಮ್‌ಪ್ಲೇಟ್‌ನ ಫೋಟೊ ತೆಗೆದುಕೊಳ್ಳಿ. ಕಿಲೋವ್ಯಾಟ್, ಆಂಪಿಯರ್, ಐಇ ದರ್ಜೆ ನೋಡಿ.
* ಎಲೆಕ್ಟ್ರಿಷಿಯನ್‌ಗೆ ಹೇಳಿ ಮೂರೂ ಫೇಸ್‌ಗಳ ವೋಲ್ಟೇಜ್, ಕರೆಂಟ್ ಅಳೆಸಿ. ನೀವಾಗಿಯೇ ಪ್ಯಾನೆಲ್ ತೆರೆಯಬೇಡಿ.
* ಈ ಮೋಟಾರ್ ಹಿಂದೆ ಎಷ್ಟು ಬಾರಿ ರೀವೈಂಡ್ ಆಗಿದೆ ಎಂದು ಹಳೆಯ ಬಿಲ್‌ಗಳಲ್ಲಿ ಹುಡುಕಿ.
* ಹಿಂಬದಿಯ ಫ್ಯಾನ್ ಕವರ್‌ನ ಧೂಳು ತೆಗೆಸಿ. ಬೇರಿಂಗ್‌ಗೆ ಗ್ರೀಸ್ ಬೇಕಾದಷ್ಟೇ ಇರಲಿ. ಹೆಚ್ಚಾದರೂ ಬಿಸಿಯಾಗುತ್ತದೆ.
* ಪಂಪು ಮತ್ತು ಮೋಟಾರ್ ಶಾಫ್ಟ್ ಒಂದೇ ನೇರದಲ್ಲಿವೆಯೇ ಪರೀಕ್ಷಿಸಿ.

ಇಷ್ಟು ಮಾಹಿತಿ ಕೈಯಲ್ಲಿದ್ದರೆ ರೀವೈಂಡಿಂಗೋ ಹೊಸದೋ ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಕಡಿಮೆ ಓಡುವ, ಒಮ್ಮೆಯೂ ಸುಡದ ಮೋಟಾರ್‌ಗೆ ಒಳ್ಳೆಯ ರೀವೈಂಡಿಂಗ್ ಸಾಕು. ದಿನವಿಡೀ ಓಡುವ, ಎರಡು ಮೂರು ಬಾರಿ ಸುಟ್ಟ ಮೋಟಾರ್‌ಗೆ ಐಇ-3 ತರುವುದೇ ಅಗ್ಗ. ಮುಂದಿನ ಸಲ ಕೊಟೇಶನ್ ಬಂದಾಗ ಕೊನೆಯ ಸಾಲಿನ ಬೆಲೆಯ ಜೊತೆಗೆ ದಕ್ಷತೆ ಎಷ್ಟು ಎಂದೂ ಕೇಳಿ. ಅದನ್ನು ಬರೆದು ಕೊಡದವರಿಂದ ಮೋಟಾರ್ ಕೊಳ್ಳುವ ಅಗತ್ಯವಿಲ್ಲ.